ಒಂದು ರಾಜ್ಯವನ್ನೂ ಗೆಲ್ಲದ ರಾನ್ ಪಾಲ್‌ಗೆ ಅಷ್ಟೊಂದು ಅಭಿಮಾನಿಗಳು ಎಲ್ಲಿಂದ ಬಂದರು?

ನೀವು ಕೇಳಿದ್ದು ಮೂರು ವಿಷಯ: ರಾನ್ ಪಾಲ್ ಯಾರು, ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಮೂರು ಸಲ ನಿಂತು ಮೂರೂ ಸಲ ಸೋತವರ ಬಗ್ಗೆ ಜನ ಈಗಲೂ ಯಾಕೆ ಮಾತಾಡ್ತಾರೆ, ಮಗ ರ‍್ಯಾಂಡ್ ಪಾಲ್ ಕೂಡ ಅಪ್ಪನ ಹಾಗೇನಾ. ರಾನ್ ಪಾಲ್ ಅವರ ಕೊನೆಯ ಎರಡು ಪ್ರಚಾರಗಳ ಕಾಲಕ್ಕೆ ನಾನು ಹ್ಯೂಸ್ಟನ್‌ನಲ್ಲಿದ್ದೆ. ಅವರ ಕ್ಷೇತ್ರ ಪಕ್ಕದಲ್ಲೇ. ನನಗೆ ಅಲ್ಲಿ ವೋಟ್ ಇರಲಿಲ್ಲ, ಕುತೂಹಲ ಮಾತ್ರ ಜಾಸ್ತಿ ಇತ್ತು.

ರಾನ್ ಪಾಲ್ ಮೂಲತಃ ಹೆರಿಗೆ ಡಾಕ್ಟರ್. 1935ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದವರು. ವಾಯುಪಡೆಯಲ್ಲಿ ಡಾಕ್ಟರಾಗಿದ್ದು, ಆಮೇಲೆ ಟೆಕ್ಸಾಸ್‌ನ ಲೇಕ್ ಜಾಕ್ಸನ್ ಅನ್ನೋ ಊರಲ್ಲಿ ಪ್ರಾಕ್ಟೀಸ್ ಮಾಡಿದರು. 4,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಕೈ ಅದು. ಮೆಡಿಕೇರ್, ಮೆಡಿಕೇಡ್‌ನಂಥ ವೃದ್ಧರ, ಬಡವರ ಚಿಕಿತ್ಸಾ ಯೋಜನೆಗಳ ಸರ್ಕಾರಿ ದುಡ್ಡು ಮುಟ್ಟುತ್ತಿರಲಿಲ್ಲ. ಕೈಲಾಗದವರಿಗೆ ಫೀಸು ಇಳಿಸುತ್ತಿದ್ದರು, ಇಲ್ಲವೇ ಬಿಟ್ಟೇಬಿಡುತ್ತಿದ್ದರು. 1971ರ ಆಗಸ್ಟ್ 15ರಂದು ಅಧ್ಯಕ್ಷ ನಿಕ್ಸನ್ ಡಾಲರ್‌ಗೂ ಚಿನ್ನಕ್ಕೂ ಇದ್ದ ನಂಟನ್ನು ಕಡಿದುಹಾಕಿದ್ದು ಈ ಡಾಕ್ಟರನ್ನು ರಾಜಕೀಯಕ್ಕೆ ಎಳೆಯಿತು. ಇನ್ನು ಮೇಲೆ ಸರ್ಕಾರ ಮನಸ್ಸಿಗೆ ಬಂದಷ್ಟು ನೋಟು ಅಚ್ಚು ಹಾಕುತ್ತದೆ, ಜನರ ಉಳಿತಾಯ ಕರಗುತ್ತದೆ ಅನ್ನೋದು ಅವರ ಚಿಂತೆ. ಜೀವನವಿಡೀ ಅದೇ ರಾಗ.

ಮೊದಲ ಚುನಾವಣೆ 1974ರಲ್ಲಿ, ರಿಪಬ್ಲಿಕನ್ ಪಕ್ಷದಿಂದ. ಸೋತರು. 1976ರ ಏಪ್ರಿಲ್‌ನಲ್ಲಿ ಉಪಚುನಾವಣೆ ಗೆದ್ದು ಸಂಸತ್ತಿನ ಕೆಳಮನೆಗೆ ಹೋದರು. ಅದೇ ನವೆಂಬರ್‌ನಲ್ಲಿ 300ಕ್ಕಿಂತ ಕಡಿಮೆ ವೋಟಿನಲ್ಲಿ ಸೋತು ಮನೆಗೆ ಬಂದರು. 1978ರಲ್ಲಿ ಮತ್ತೆ ಗೆದ್ದರು. 1984ರಲ್ಲಿ ಸೆನೆಟ್ ಟಿಕೆಟ್‌ಗೆ ಕೈ ಹಾಕಿ ಫಿಲ್ ಗ್ರ್ಯಾಮ್ ಎದುರು ಸೋತು ವಾಪಸ್ ಕ್ಲಿನಿಕ್‌ಗೆ. 1988ರಲ್ಲಿ, ಸರ್ಕಾರದ ಕೈ ಎಲ್ಲದರಲ್ಲೂ ಆದಷ್ಟು ಕಡಿಮೆ ಇರಲಿ ಅನ್ನೋ ಲಿಬರ್ಟೇರಿಯನ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತು ನಾಲ್ಕು ಲಕ್ಷ ಚಿಲ್ಲರೆ ವೋಟು ಪಡೆದರು, ಅಂದರೆ ಶೇಕಡಾ ಅರ್ಧದಷ್ಟೂ ಇಲ್ಲ. ಇಲ್ಲಿಗೆ ಕಥೆ ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡಿದ್ದರು.

ನನ್ನ ಪ್ರಕಾರ ಅವರ ಅತಿ ರೋಚಕ ಚುನಾವಣೆ 1996ರದು. ಅಧ್ಯಕ್ಷ ಚುನಾವಣೆಯ ಗದ್ದಲದಲ್ಲಿ ಇದನ್ನು ಜನ ಮರೆಯುತ್ತಾರೆ. ಗ್ರೆಗ್ ಲಾಫ್ಲಿನ್ ಅನ್ನೋ ಡೆಮಾಕ್ರಟಿಕ್ ಸಂಸದ 1995ರಲ್ಲಿ ರಿಪಬ್ಲಿಕನ್ ಪಕ್ಷಕ್ಕೆ ಹಾರಿದ್ದರು. ಸ್ಪೀಕರ್ ನ್ಯೂಟ್ ಗಿಂಗ್ರಿಚ್, ಟೆಕ್ಸಾಸ್ ಗವರ್ನರ್ ಆಗಿದ್ದ ಜಾರ್ಜ್ ಬುಷ್, ಪಕ್ಷದ ದೊಡ್ಡವರೆಲ್ಲ ಈ ವಲಸೆ ಬಂದವರ ಬೆನ್ನಿಗೆ ನಿಂತರು. ಪಾಲ್ ಅದೇ ಟಿಕೆಟ್ ಕೇಳಿ ಎದುರು ನಿಂತರು. ಅಲ್ಲಿ ಟಿಕೆಟ್ ಕೊಡೋದು ಹೈಕಮಾಂಡ್ ಅಲ್ಲ, ಕ್ಷೇತ್ರದ ಮತದಾರರು. ಪ್ರೈಮರಿ ಅನ್ನೋ ಒಳಚುನಾವಣೆಯಲ್ಲಿ ಲಾಫ್ಲಿನ್ ಮೊದಲು ಬಂದರೂ ಅರ್ಧ ದಾಟಲಿಲ್ಲ. ಎರಡನೇ ಸುತ್ತಿನಲ್ಲಿ ಪಾಲ್ ಗೆದ್ದೇಬಿಟ್ಟರು. ಬೇಸ್‌ಬಾಲ್ ದಂತಕಥೆ ನೋಲನ್ ರಯಾನ್ ಅವರ ಪರ ನಿಂತಿದ್ದರು. ಟೆಕ್ಸಾಸ್‌ನಲ್ಲಿ ಇದು ಸಣ್ಣ ಮಾತಲ್ಲ. ಇನ್ನೊಂದು ತಮಾಷೆ: ಅವರ ಪ್ರಚಾರದಲ್ಲಿ ಪಾಲ್ ಕುಟುಂಬದ ಅಡುಗೆ ಪುಸ್ತಕವನ್ನೂ ಹಂಚುತ್ತಿದ್ದರು. ಅಲ್ಲಿನ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ ಮುಚ್ಚಿ ಅನ್ನೋ ಕರಪತ್ರ ಕಸದ ಬುಟ್ಟಿಗೆ ಹೋಗಬಹುದು, ಅಡುಗೆ ಪುಸ್ತಕ ಅಡುಗೆಮನೆಯಲ್ಲೇ ಉಳಿಯುತ್ತೆ ಅಲ್ವಾ!

1997ರಿಂದ 2013ರ ಆರಂಭದವರೆಗೆ ಅವರು ಸಂಸತ್ತಿನಲ್ಲಿದ್ದರು. ಹೆಸರು ಬಂದದ್ದು ಅಲ್ಲಿ ಅವರು ಹಾಕಿದ ವೋಟುಗಳಿಂದ. ಸಂವಿಧಾನ ನೇರವಾಗಿ ಅಧಿಕಾರ ಕೊಡದ ಯಾವ ಖರ್ಚಿಗೂ ಒಪ್ಪಲ್ಲ ಅನ್ನೋದು ನಿಯಮ. ಹಾಗಾಗಿ 'ಡಾಕ್ಟರ್ ನೋ' ಅನ್ನೋ ಅಡ್ಡಹೆಸರು. 1999ರಲ್ಲಿ ಕಪ್ಪುಜನರ ಹಕ್ಕಿಗೆ ಹೋರಾಡಿದ ರೋಸಾ ಪಾರ್ಕ್ಸ್‌ಗೆ ಚಿನ್ನದ ಪದಕ ಕೊಡುವ ಮಸೂದೆ ಬಂತು. ಪರ 424, ವಿರುದ್ಧ 1. ಆ ಒಂದು ಇವರದು. ಮದರ್ ತೆರೇಸಾ ಪದಕಕ್ಕೂ ಹೀಗೇ ಅಡ್ಡ ನಿಂತಿದ್ದರು. ಅವರ ವಾದ ಇಷ್ಟೇ: ಇವರು ದೊಡ್ಡವರು, ಸಂದೇಹವೇ ಇಲ್ಲ, ಆದರೆ ತೆರಿಗೆ ದುಡ್ಡು ಯಾಕೆ, ನಾವೇ ತಲೆಗೆ 100 ಡಾಲರ್ ಹಾಕೋಣ, ನನ್ನದು ಇಗೋ. ಮಿಕ್ಕವರು ಯಾರೂ ಜೇಬಿಗೆ ಕೈ ಹಾಕಲಿಲ್ಲ.

2001ರಲ್ಲಿ ದೇಶಭಕ್ತಿ ಉಕ್ಕುತ್ತಿದ್ದಾಗ ಸರ್ಕಾರದ ಕಣ್ಗಾವಲು ಅಧಿಕಾರ ಹೆಚ್ಚಿಸಿದ ಪೇಟ್ರಿಯಟ್ ಕಾಯ್ದೆಗೆ ಬೇಡ ಅಂದ ಮೂವರು ರಿಪಬ್ಲಿಕನ್ನರಲ್ಲಿ ಇವರೊಬ್ಬರು. 2002ರಲ್ಲಿ ಇರಾಕ್ ಯುದ್ಧಕ್ಕೆ ಬೇಡ ಅಂದ ಆರು ರಿಪಬ್ಲಿಕನ್ನರಲ್ಲೂ ಒಬ್ಬರು. ಶಾಂತಿವಾದಿ ಅಂತ ತಿಳೀಬೇಡಿ. 9/11 ದಾಳಿ ಮಾಡಿದವರ ಮೇಲೆ ಸೇನೆ ಕಳಿಸಲು ಒಪ್ಪಿಗೆ ಕೊಟ್ಟಿದ್ದರು. ಗರ್ಭಪಾತವನ್ನೂ ಕಡ್ಡಿ ಮುರಿದಂತೆ ವಿರೋಧಿಸಿದವರು. ನಮ್ಮಲ್ಲಿ ವಿಪ್ ಮೀರಿ ವೋಟ್ ಹಾಕಿದರೆ ಪಕ್ಷಾಂತರ ನಿಷೇಧ ಕಾಯ್ದೆಯಲ್ಲಿ ಸೀಟೇ ಹೋಗಬಹುದು. ಅಲ್ಲಿ ಪಕ್ಷ ಮುನಿಸಿಕೊಳ್ಳಬಹುದು, ಸೀಟು ಕಿತ್ತುಕೊಳ್ಳಲಾಗದು. ಇದು ಗೊತ್ತಿಲ್ಲದಿದ್ದರೆ ಪಾಲ್ ಅಷ್ಟು ವರ್ಷ ಹೇಗೆ ಬಾಳಿದರು ಅನ್ನೋದು ಅರ್ಥವಾಗಲ್ಲ.

ಹಾಗಂತ ಪೂಜೆ ಮಾಡಬೇಡಿ. ತಮ್ಮ ಕ್ಷೇತ್ರಕ್ಕೆ ಬೇಕಾದ ಅನುದಾನಗಳನ್ನು ಮಸೂದೆಯಲ್ಲಿ ಸೇರಿಸಿ, ಆಮೇಲೆ ಅದೇ ಮಸೂದೆಗೆ ಬೇಡ ಅಂತ ವೋಟ್ ಹಾಕುತ್ತಿದ್ದರು. ಮಸೂದೆ ಪಾಸಾಗುತ್ತಿತ್ತು, ದುಡ್ಡು ಬರುತ್ತಿತ್ತು, ತತ್ವವೂ ಉಳಿಯುತ್ತಿತ್ತು. ಜನರ ತೆರಿಗೆ ಜನರಿಗೇ ಮರಳಲಿ ಅಂತ ಹಾಗೆ ಮಾಡಿದೆ ಅನ್ನೋ ಅವರ ಸಮಜಾಯಿಷಿ ನನಗಂತೂ ಜಾಣತನ ಅಂತಲೇ ಕಾಣುತ್ತೆ. ಇದಕ್ಕಿಂತ ದೊಡ್ಡ ಕಪ್ಪುಚುಕ್ಕೆ ಅವರ ಹೆಸರಿನಲ್ಲಿ ಹೊರಬರುತ್ತಿದ್ದ ಸುದ್ದಿಪತ್ರಗಳದು. 1990ರ ಆಸುಪಾಸಿನ ಸಂಚಿಕೆಗಳಲ್ಲಿ ಕಪ್ಪುಜನರ ಬಗ್ಗೆ ತೀರಾ ಕೊಳಕು ಬರಹಗಳಿದ್ದವು. 1996ರಲ್ಲೂ ಎದುರಾಳಿಗಳು ಅದನ್ನು ಎತ್ತಿದ್ದರು. ನಾನು ಬರೆದದ್ದಲ್ಲ ಅಂತ ಆಮೇಲೆ ಹೇಳಿದರು. ಇರಬಹುದು. ಆದರೆ ತಲೆಬರಹದಲ್ಲಿ ತನ್ನ ಹೆಸರಿಟ್ಟುಕೊಂಡು ಬರೋ ಪತ್ರಿಕೆಯಲ್ಲಿ ಏನಿದೆ ಅಂತ ನೋಡದೇ ಇರೋದು ಸಣ್ಣ ತಪ್ಪಲ್ಲ. ಇನ್ನು ಶಾಸನದ ಲೆಕ್ಕ: ಅವರು ಮಂಡಿಸಿದ 600ಕ್ಕೂ ಹೆಚ್ಚು ಮಸೂದೆಗಳಲ್ಲಿ ಕಾನೂನಾದದ್ದು ಒಂದೇ. ಅದೂ ಗ್ಯಾಲ್ವೆಸ್ಟನ್‌ನ ಹಳೇ ಸುಂಕದ ಕಟ್ಟಡ ಮಾರುವ ವಿಷಯ.

ಅಭಿಮಾನಿಗಳು ಹುಟ್ಟಿದ್ದು 2007ರಲ್ಲಿ. ಮೇ ತಿಂಗಳಲ್ಲಿ ಸೌತ್ ಕೆರೊಲಿನಾದಲ್ಲಿ ರಿಪಬ್ಲಿಕನ್ ಅಧ್ಯಕ್ಷ ಟಿಕೆಟ್ ಕೇಳುತ್ತಿದ್ದವರ ಚರ್ಚೆಯಲ್ಲಿ, ನಾವು ಇರಾಕ್ ನೆಲದಲ್ಲಿ ಬಾಂಬ್ ಹಾಕುತ್ತಾ ಕೂತಿದ್ದೇವೆ, 9/11 ದಾಳಿಗೆ ಅದೂ ಒಂದು ಕಾರಣ ಅಂದುಬಿಟ್ಟರು. ಅದೇ ವೇದಿಕೆಯಲ್ಲಿದ್ದ ರೂಡಿ ಜೂಲಿಯಾನಿ, 9/11ರ ದಿನ ನ್ಯೂಯಾರ್ಕ್ ಮೇಯರ್ ಆಗಿದ್ದವರು, ಮಾತು ವಾಪಸ್ ತಗೊಳ್ಳಿ ಅಂದರು. ಸಭೆಯಲ್ಲಿ ಜೋರು ಚಪ್ಪಾಳೆ. ಪಾಲ್ ತಗೊಳ್ಳಲಿಲ್ಲ. ಅವತ್ತಿನ ಚಪ್ಪಾಳೆ ಜೂಲಿಯಾನಿಗೆ, ಆದರೆ 2008ರ ಜನವರಿಯಲ್ಲಿ, ಪಕ್ಷದ ಒಳಚುನಾವಣೆ ಮೊದಲು ನಡೆದ ಅಯೋವಾ ರಾಜ್ಯದಲ್ಲಿ ಪಾಲ್‌ಗೆ ಸುಮಾರು ಶೇಕಡಾ 10 ವೋಟು, ಜೂಲಿಯಾನಿಗೆ ಅದರ ಅರ್ಧವೂ ಇಲ್ಲ. ನಡುವೆ ನವೆಂಬರ್ 5ರಂದು ಒಂದೇ ದಿನದಲ್ಲಿ ಇಂಟರ್ನೆಟ್‌ನಲ್ಲಿ 40 ಲಕ್ಷ ಡಾಲರ್‌ಗಿಂತ ಜಾಸ್ತಿ ದೇಣಿಗೆ ಬಿತ್ತು. ಬ್ರಿಟಿಷ್ ತೆರಿಗೆ ವಿರೋಧಿಸಿ ಚಹಾವನ್ನು ಸಮುದ್ರಕ್ಕೆ ಎಸೆದ ಬಾಸ್ಟನ್ ಟೀ ಪಾರ್ಟಿಯ ನೆನಪಿನ ದಿನ, ಡಿಸೆಂಬರ್ 16ರಂದು, 60 ಲಕ್ಷ. ಇದನ್ನು ಯೋಜಿಸಿದ್ದು ಪ್ರಚಾರ ಕಚೇರಿಯಲ್ಲ, ಹೊರಗಿನ ಬೆಂಬಲಿಗರು. ದುಡ್ಡು ಹಾಕಿ ಅವರ ಹೆಸರಿನ ದೊಡ್ಡ ವಾಯುನೌಕೆಯನ್ನೂ ಹಾರಿಸಿದರು. ನಮ್ಮ ಆಫೀಸಿನ ಹುಡುಗರಲ್ಲಿ ರಾಜಕೀಯ ಅಂದರೆ ಆಕಳಿಸುತ್ತಿದ್ದವರೂ ಅವತ್ತು ಮೊತ್ತ ಏರೋದನ್ನು ನೋಡ್ತಾ ಕೂತಿದ್ದರು.

2012ರಲ್ಲಿ ಆಟ ಇನ್ನೂ ಸೂಕ್ಷ್ಮವಾಗಿತ್ತು. ಅಯೋವಾದಲ್ಲಿ ಮೂರನೇ ಸ್ಥಾನ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಎರಡನೇ ಸ್ಥಾನ. ಆದರೆ ಕಾಕಸ್ ಅನ್ನೋ ಪಕ್ಷದ ಸಭೆಯ ರಾತ್ರಿ ವೋಟ್ ಹಾಕಿ ಜನ ಮನೆಗೆ ಹೋದ ಮೇಲೂ ಕೌಂಟಿ ಸಭೆ, ಜಿಲ್ಲಾ ಸಭೆ, ರಾಜ್ಯ ಸಭೆ ಅಂತ ತಿಂಗಳುಗಟ್ಟಲೆ ನಡೆಯುತ್ತೆ. ಪಕ್ಷದ ಮಹಾಸಭೆಯಲ್ಲಿ ಅಭ್ಯರ್ಥಿಗೆ ವೋಟ್ ಹಾಕುವ ಪ್ರತಿನಿಧಿಗಳ ನಿಜವಾದ ಆಯ್ಕೆ ಅಲ್ಲಿ. ಪಾಲ್ ಕಡೆಯವರು ಎಲ್ಲದರಲ್ಲೂ ಕೊನೆಯವರೆಗೂ ಕುರ್ಚಿ ಬಿಡದೆ ಕೂತರು. ಮೂರನೇ ಬಂದವರಿಗೆ ಅಯೋವಾದ 28 ಪ್ರತಿನಿಧಿಗಳಲ್ಲಿ ಬಹುಪಾಲು ಸಿಕ್ಕಿತು! ಟ್ಯಾಂಪಾದ ಪಕ್ಷದ ಮಹಾಸಭೆಯಲ್ಲಿ, ಆ ವರ್ಷ ಅಧ್ಯಕ್ಷ ಟಿಕೆಟ್ ಗೆದ್ದ ಮಿಟ್ ರಾಮ್ನಿ ಬಣ ಇದಕ್ಕೆ ತಡೆ ಹಾಕುವಂತೆ ನಿಯಮವನ್ನೇ ಬದಲಿಸಿತು, ಮೇನ್ ರಾಜ್ಯದ ಪಾಲ್ ಪ್ರತಿನಿಧಿಗಳಲ್ಲಿ ಕೆಲವರು ಹೊರನಡೆದರು. ರಾಮ್ನಿಗೆ ಪೂರ್ತಿ ಬೆಂಬಲ ಘೋಷಿಸಿ, ಭಾಷಣ ಮೊದಲೇ ತೋರಿಸಿದರೆ ಮಾತ್ರ ವೇದಿಕೆ ಅಂದಾಗ ಪಾಲ್ ಬೇಡ ಅಂದರು. ಇನ್ನೇನು ಅಂತಾರೆ?

ಇನ್ನು ಮಗ. ರ‍್ಯಾಂಡ್ ಪಾಲ್ ಕಣ್ಣಿನ ಡಾಕ್ಟರ್, 2010ರಲ್ಲಿ ಕೆಂಟಕಿಯಿಂದ ಸೆನೆಟ್‌ಗೆ ಗೆದ್ದವರು. ವಿಚಾರ ಹೆಚ್ಚುಕಡಿಮೆ ಅಪ್ಪನದೇ, ಆದರೆ ಪಕ್ಷದ ಜೊತೆ ಹೊಂದಾಣಿಕೆ ಅಪ್ಪನಿಗಿಂತ ಜಾಸ್ತಿ. ರಾಮ್ನಿಗೆ ಅಪ್ಪ ಕೊಡದ ಬೆಂಬಲವನ್ನು ಮಗ ಕೊಟ್ಟರು. 2016ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಅಯೋವಾದಲ್ಲಿ ಶೇಕಡಾ 5 ಕೂಡ ಬರಲಿಲ್ಲ, ಕಣ ಬಿಟ್ಟರು. ಅಪ್ಪನ ವೋಟುಗಳು ಎಲ್ಲಿ ಹೋದವು? ಇದೇ ಗುಂಪಿನ ಕೆಂಟಕಿ ಸಂಸದ ಥಾಮಸ್ ಮ್ಯಾಸಿ ಆಮೇಲೆ ಬೇಸರದಿಂದ ಒಂದು ಮಾತು ಹೇಳಿದ್ದರು: ಈ ಜನ ನಮ್ಮ ವಿಚಾರ ಮೆಚ್ಚಿ ವೋಟ್ ಹಾಕುತ್ತಿದ್ದಾರೆ ಅಂದುಕೊಂಡಿದ್ದೆ, ನೋಡಿದರೆ ಕಣದಲ್ಲಿ ಅತಿ ತಲೆತಿರುಕ ಯಾರೋ ಅವರಿಗೆ ಹಾಕುತ್ತಿದ್ದರು, ಈ ಸಲ ಅದು ಟ್ರಂಪ್. ಮ್ಯಾಸಿ ಮಾತು ಪೂರ್ತಿ ಸರಿ ಅಂತ ನನಗನ್ನಿಸಲ್ಲ. ನಾನು ನೋಡಿದ ಪಾಲ್ ಹುಡುಗರಲ್ಲಿ ಬಡ್ಡಿದರ, ಚಿನ್ನ, ಫೆಡರಲ್ ರಿಸರ್ವ್ ಅಂತ ಗಂಟೆಗಟ್ಟಲೆ ಕೊರೆಯುವವರೂ ಬೇಕಾದಷ್ಟಿದ್ದರು.