ಶರಬತ್ತಿನ ಬಾಟಲಿಯ ಮೇಲೆ ನಮ್ಮ ಅಜ್ಜಿಯ ಮುಖ: ಕಂಪನಿಯನ್ನು ಕೇಳುವ ಹಕ್ಕು ನಮಗಿದೆಯೇ?

ನೀವು ಕೇಳಿರುವುದು ಇಷ್ಟು. ನಿಮ್ಮ ಅಜ್ಜಿ ಅಂಕೋಲಾ ಪೇಟೆಯಲ್ಲಿ ಕುಳಿತು ಬಸಳೆ, ಹರಿವೆ ಮಾರುತ್ತಾರೆ. ಹಾಲಕ್ಕಿ ಉಡುಗೆ, ಕೊರಳ ತುಂಬ ಮಣಿಸರ. ಕ್ಯಾಮೆರಾ ಹಿಡಿದ ಪ್ರವಾಸಿಯೊಬ್ಬ ಫೋಟೋ ತೆಗೆದಾಗ ಅಜ್ಜಿ ನಕ್ಕರು, ಬೇಡ ಎನ್ನಲಿಲ್ಲ. ಈಗ ಆ ಫೋಟೋ ಬೇರೆ ಊರಿನ ಕಂಪನಿಯೊಂದರ ಮುರುಗಲು ಶರಬತ್ತಿನ ಲೇಬಲ್ ಮೇಲಿದೆ, ಕೆಳಗೆ ‘ಅಜ್ಜಿಯ ಕೈಯಾರೆ’ ಎಂದು ಬರೆದಿದೆ. ಅಜ್ಜಿ ಪ್ರಸಿದ್ಧರಲ್ಲ, ಹಣ ಪಡೆದಿಲ್ಲ, ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಿಲ್ಲ. ಏನಾದರೂ ಮಾಡಲು ಸಾಧ್ಯವೇ?

ಸಾಧ್ಯ. ಆದರೆ ಹಕ್ಕು ನಿಮ್ಮದಲ್ಲ, ಅಜ್ಜಿಯದು. ಈ ವ್ಯತ್ಯಾಸಕ್ಕೆ ಕೊನೆಯಲ್ಲಿ ಬರುತ್ತೇನೆ.

ನಾನು ಕಾರವಾರ, ಅಂಕೋಲಾ, ಕುಮಟಾ ನ್ಯಾಯಾಲಯಗಳಲ್ಲಿ ಸಿವಿಲ್ ಪ್ರಕರಣ ನಡೆಸುವ ವಕೀಲ. ನನ್ನ ಕಕ್ಷಿದಾರರಲ್ಲಿ ಮುಕ್ಕಾಲು ಪಾಲು ಜನ ಪಾಲು, ಗಡಿ, ಹಾದಿಯ ಜಗಳದವರು. ಮುಖದ ವ್ಯಾಜ್ಯ ಬರುವುದು ಅಪರೂಪ, ಬಂದಾಗ ಕಕ್ಷಿದಾರರು ಮೊಬೈಲಿನಲ್ಲಿ ಯಾವುದಾದರೂ ಸಿನಿಮಾ ನಟರ ಸುದ್ದಿಯನ್ನು ತೆರೆದಿಟ್ಟುಕೊಂಡೇ ಬರುತ್ತಾರೆ. 2022ರ ನವೆಂಬರಿನಲ್ಲಿ ಅಮಿತಾಭ್ ಬಚ್ಚನ್, 2023ರ ಸೆಪ್ಟೆಂಬರಿನಲ್ಲಿ ಅನಿಲ್ ಕಪೂರ್, 2024ರಲ್ಲಿ ಜಾಕಿ ಶ್ರಾಫ್, ತಮ್ಮ ಹೆಸರು, ಮುಖವನ್ನು ಕೇಳದೆ ಬಳಸುವವರ ವಿರುದ್ಧ ದೆಹಲಿ ಹೈಕೋರ್ಟಿನಿಂದ ತಡೆಯಾಜ್ಞೆ ತಂದರು. ಅದೇ ವರ್ಷ ಗಾಯಕ ಅರಿಜಿತ್ ಸಿಂಗ್, ತಮ್ಮ ಧ್ವನಿಯನ್ನು ಕೃತಕ ಬುದ್ಧಿಮತ್ತೆಯಿಂದ ನಕಲು ಮಾಡುವವರ ವಿರುದ್ಧ ಬಾಂಬೆ ಹೈಕೋರ್ಟಿಗೆ ಹೋಗಿ ಗೆದ್ದು ಬಂದರು. ‘ಅವರಿಗೆ ಸಿಕ್ಕಿದ್ದು ನಮಗೇಕೆ ಸಿಗಬಾರದು’ ಎಂಬುದು ನ್ಯಾಯವಾದ ಪ್ರಶ್ನೆಯೇ. ಆದರೂ ನನ್ನ ಸಲಹೆ ಒಂದೇ: ಆ ದಾವೆಗಳ ವಾದಪತ್ರವನ್ನು ನಕಲು ಮಾಡುವ ವಕೀಲರ ಬಳಿ ಹೋಗಬೇಡಿ.

ಕಾರಣವಿದೆ. ನಮ್ಮ ದೇಶದಲ್ಲಿ ‘ವ್ಯಕ್ತಿತ್ವದ ಹಕ್ಕು’ ಎಂಬ ಹೆಸರಿನ ಪ್ರತ್ಯೇಕ ಕಾಯ್ದೆ ಇಲ್ಲ. ಇರುವುದೆಲ್ಲ ನ್ಯಾಯಾಧೀಶರು ತೀರ್ಪಿನಿಂದ ತೀರ್ಪಿಗೆ ಕಟ್ಟಿದ್ದು. ನಟರ ಪ್ರಕರಣಗಳಲ್ಲಿ ಅವರು ಮುಖ್ಯವಾಗಿ ಕಾಪಾಡಿದ್ದು ಗಳಿಸಿದ ಹೆಸರಿನ ಬೆಲೆಯನ್ನು. ಬಚ್ಚನ್ ದಂಪತಿಯ ಆಭರಣ ಜಾಹೀರಾತನ್ನು ಇನ್ನೊಬ್ಬ ಆಭರಣ ವ್ಯಾಪಾರಿ ತನ್ನ ಫಲಕಕ್ಕೆ ಎತ್ತಿಕೊಂಡಿದ್ದ ಪ್ರಕರಣದಲ್ಲಿ, 2012ರಲ್ಲಿ, ದೆಹಲಿ ಹೈಕೋರ್ಟ್ ನೋಡಿದ ಅಂಶಗಳಲ್ಲಿ ಒಂದು, ಆ ಖ್ಯಾತ ವ್ಯಕ್ತಿಯನ್ನು ಜನ ಗುರುತಿಸುತ್ತಾರೆಯೇ ಎಂಬುದು. ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ಶಿವಾಜಿರಾವ್ ಗಾಯಕವಾಡರು ಮದ್ರಾಸ್ ಹೈಕೋರ್ಟಿನಿಂದ ತಮ್ಮ ಹೆಸರು, ಚಹರೆ, ಶೈಲಿಗಳಿಗೆ ರಕ್ಷಣೆ ಪಡೆದದ್ದು 2015ರಲ್ಲಿ, ರಜನೀಕಾಂತ್ ಆಗಿ ದಶಕಗಳು ಕಳೆದ ಮೇಲೆ. ಕಂಡಕ್ಟರ್ ಆಗಿದ್ದಾಗಲೇ ಹೋಗಿದ್ದರೆ ಅದೇ ವಾದ ನಿಲ್ಲುತ್ತಿತ್ತೇ? ನಿಮ್ಮ ಅಜ್ಜಿಯ ಪರವಾಗಿ ಆ ಬಾಗಿಲು ತಟ್ಟಿದರೆ ಎದುರು ವಕೀಲರು ಮೊದಲ ದಿನವೇ ಎದ್ದು ನಿಂತು, ‘ಸ್ವಾಮಿ, ಅಂಕೋಲಾ ಪೇಟೆಯ ಆಚೆ ಈ ಮುಖವನ್ನು ಬಲ್ಲವರು ಯಾರು? ಇದರಿಂದ ನಮ್ಮ ಶರಬತ್ತು ಒಂದು ಬಾಟಲಿ ಹೆಚ್ಚು ಮಾರಾಟವಾಯಿತು ಎಂದು ತೋರಿಸಲಿ’ ಎನ್ನುತ್ತಾರೆ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ವರ್ಷ ಕಳೆಯುತ್ತದೆ.

ಅಜ್ಜಿಗೆ ಇರುವ ದಾರಿ ಬೇರೆ, ನನ್ನ ಪ್ರಕಾರ ಅದೇ ಗಟ್ಟಿ: ಖಾಸಗಿತನ. 1994ರಲ್ಲಿ ಸುಪ್ರೀಂ ಕೋರ್ಟ್ ಆಟೋ ಶಂಕರ್ ಎಂಬ ಕೈದಿಯ ಆತ್ಮಕಥೆಯ ಪ್ರಕಟಣೆಗೆ ಸಂಬಂಧಿಸಿದ ಆರ್. ರಾಜಗೋಪಾಲ್ ಪ್ರಕರಣದಲ್ಲಿ, ಒಬ್ಬರ ಹೆಸರನ್ನೋ ಚಹರೆಯನ್ನೋ ಅವರ ಒಪ್ಪಿಗೆಯಿಲ್ಲದೆ ಜಾಹೀರಾತಿಗೆ ಬಳಸುವುದನ್ನು ಖಾಸಗಿತನದ ಉಲ್ಲಂಘನೆಗೆ ಉದಾಹರಣೆಯಾಗಿಯೇ ಕೊಟ್ಟಿದೆ. ಅಲ್ಲಿ ಆ ವ್ಯಕ್ತಿ ಪ್ರಸಿದ್ಧನಾಗಿರಬೇಕು ಎಂಬ ಷರತ್ತಿಲ್ಲ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು. ಅದರಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ತಮ್ಮ ಪ್ರತ್ಯೇಕ ತೀರ್ಪಿನಲ್ಲಿ, ತನ್ನ ಗುರುತಿನ ವಾಣಿಜ್ಯ ಬಳಕೆಯ ಮೇಲೆ ಹಿಡಿತ ಪ್ರತಿಯೊಬ್ಬ ವ್ಯಕ್ತಿಗೂ ಇರಬೇಕು ಎಂದು ಬರೆದರು. ಪ್ರತಿಯೊಬ್ಬ ವ್ಯಕ್ತಿಗೂ ಎಂಬುದನ್ನು ಗಮನಿಸಿ. ಆ ಪ್ರಕರಣದ ಅರ್ಜಿದಾರರಾದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು.

ಈ ಹಕ್ಕಿನ ಮೂಲ ಹುಡುಕಿದರೆ ಅಲ್ಲಿಯೂ ನಟನಟಿಯರು ಸಿಗುವುದಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಅಬಿಗೇಲ್ ರಾಬರ್ಸನ್ ಎಂಬ ಹುಡುಗಿಯ ಚಿತ್ರವನ್ನು ಹಿಟ್ಟಿನ ಕಂಪನಿಯೊಂದು ಅವಳನ್ನು ಕೇಳದೆ ಸುಮಾರು 25,000 ಪ್ರತಿ ಮುದ್ರಿಸಿ ಅಂಗಡಿಗಳಲ್ಲಿ ತೂಗುಹಾಕಿತ್ತು. ಸಾಮಾನ್ಯ ಮನೆಯ ಹುಡುಗಿ. 1902ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಇಂಥ ಹಕ್ಕು ಕಾನೂನಿನಲ್ಲಿ ಇಲ್ಲವೆಂದು ಅವಳನ್ನು ಸೋಲಿಸಿತು. ಜನ ಸಿಡಿದೆದ್ದರು. ಮರುವರ್ಷವೇ ಆ ರಾಜ್ಯ, ಒಪ್ಪಿಗೆಯಿಲ್ಲದೆ ಯಾರ ಹೆಸರನ್ನೂ ಚಿತ್ರವನ್ನೂ ವ್ಯಾಪಾರಕ್ಕೆ ಬಳಸಬಾರದು ಎಂಬ ಕಾನೂನು ತಂದಿತು. ಅಲ್ಲಿ ಹಿಟ್ಟು, ಇಲ್ಲಿ ಮುರುಗಲು. ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ‘ಖ್ಯಾತರಿಗೆ ಮಾತ್ರ’ ಎಂಬ ವಾದ ಎದುರಾದರೆ ಹೇಳಲು ಒಳ್ಳೆಯ ಇತಿಹಾಸ.

ಕಂಪನಿಯವರು ಖಂಡಿತ ಹೇಳುವ ಮಾತೊಂದಿದೆ: ‘ಫೋಟೋವನ್ನು ನಾವು ದುಡ್ಡು ಕೊಟ್ಟು ಕೊಂಡಿದ್ದೇವೆ.’ ನಿಜವೇ ಇರಬಹುದು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ ಇಂಥ ಫೋಟೋದ ಮೊದಲ ಒಡೆಯ ತೆಗೆದವನೇ ಹೊರತು ಅದರಲ್ಲಿರುವವರಲ್ಲ. (ನೀವೇ ಹಣ ಕೊಟ್ಟು ತೆಗೆಸಿಕೊಂಡರೆ ಮಾತು ಬೇರೆ. ಬೇರೆ ಒಪ್ಪಂದವಿಲ್ಲದಿದ್ದರೆ ಮದುವೆಯ ಫೋಟೋ ತೆಗೆಸಿದವರದು. ಗಿರಾಕಿಯ ಮನೆಯ ಮದುಮಗಳನ್ನು ಕೇಳದೆ ಗಾಜಿನ ಕಪಾಟಿನಲ್ಲಿ ಆಳೆತ್ತರಕ್ಕೆ ನಿಲ್ಲಿಸುವ ಸ್ಟುಡಿಯೋದವರು ಇದನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.) ಆದರೆ ಫೋಟೋ ಕೊಂಡ ಮಾತ್ರಕ್ಕೆ ಮುಖ ಕೊಂಡಂತಾಗುವುದಿಲ್ಲ. ಜಮೀನು ಕ್ರಯಕ್ಕೆ ಪಡೆದರೂ ಅದರ ಮೇಲೆ ನೆರೆಯವರಿಗಿರುವ ಹಾದಿಯ ಹಕ್ಕು ಉಳಿದೇ ಇರುತ್ತದಲ್ಲ, ಹಾಗೆ. ಫೋಟೋ ಮಾರುವ ಜಾಲತಾಣಗಳಿಗೂ ಇದು ಗೊತ್ತು. ಚಿತ್ರದಲ್ಲಿರುವವರ ಸಹಿ ಇರುವ ಒಪ್ಪಿಗೆ ಪತ್ರ ಇಲ್ಲದಿದ್ದರೆ ಅವು ಸಾಮಾನ್ಯವಾಗಿ ‘ಸುದ್ದಿ, ಲೇಖನಗಳ ಬಳಕೆಗೆ ಮಾತ್ರ’ ಎಂಬ ಷರತ್ತು ಹಾಕಿಯೇ ಮಾರುತ್ತವೆ. ಅಂಥ ಫೋಟೋವನ್ನು ಲೇಬಲ್ಲಿಗೆ ಅಂಟಿಸಿದ್ದರೆ ಕಂಪನಿ ತಾನು ಕೊಂಡ ಪರವಾನಗಿಯನ್ನೇ ಮುರಿದಂತೆ.

ಅದೇ ಕಾಯ್ದೆಯಲ್ಲಿ ‘ಪ್ರದರ್ಶಕ’ರ ಹಕ್ಕುಗಳೂ ಇವೆ. ಯಕ್ಷಗಾನ ಕಲಾವಿದರು ಬಳಸಿಕೊಳ್ಳಬೇಕಾದ, ಬಹುಪಾಲು ಬಳಸಿಕೊಳ್ಳದ ಹಕ್ಕುಗಳು. ಆ ವ್ಯಾಖ್ಯೆಯಲ್ಲಿ ನಟ, ಗಾಯಕ, ದೊಂಬರಾಟದವನ ಜೊತೆಗೆ ಹಾವಾಡಿಗನೂ ಇದ್ದಾನೆ. ಬಸಳೆ ಮಾರುವ ಅಜ್ಜಿ ಮಾತ್ರ ಇಲ್ಲ.

ಅಜ್ಜಿ ನಕ್ಕರು ಎಂಬ ವಿಷಯಕ್ಕೆ ಅಂಜಬೇಡಿ. ಫೋಟೋ ತೆಗೆಯಲು ಬಿಡುವುದು ಒಂದು, ಅದನ್ನು ಮಾರಲು ಬಿಡುವುದು ಇನ್ನೊಂದು. ಸಾರ್ವಜನಿಕ ಸ್ಥಳದಲ್ಲಿ ಸಾಮಾನ್ಯವಾಗಿ ಫೋಟೋ ತೆಗೆಯಬಹುದು, ಪತ್ರಿಕೆಯಲ್ಲಿ ಹಾಕಬಹುದು, ಪ್ರದರ್ಶನದಲ್ಲಿ ಇಡಬಹುದು. ಸುಕ್ರಿ ಬೊಮ್ಮಗೌಡರಿಗೂ ತುಳಸಿ ಗೌಡರಿಗೂ ಪದ್ಮಶ್ರೀ ಬಂದಾಗ ಅವರ ಚಿತ್ರ ಹಾಕದ ಪತ್ರಿಕೆ ಇರಲಿಲ್ಲ, ಅದು ಸುದ್ದಿ, ಗೌರವ. ಅದೇ ಚಿತ್ರ ಊದಿನಕಡ್ಡಿ ಪೊಟ್ಟಣದ ಮೇಲೆ ಬಂದರೆ ವ್ಯಾಪಾರ. ನಮ್ಮ ಕರಾವಳಿಯಲ್ಲಿ ಈ ಗೆರೆಯನ್ನು ಹೋಮ್‌ಸ್ಟೇಯವರು, ಪ್ರವಾಸಿ ಏಜೆಂಟರು ದಿನವೂ ದಾಟುತ್ತಾರೆ. ಹಾಲಕ್ಕಿ ಹೆಂಗಸಿನ ಮುಖವೆಂದರೆ ಕಡಲತೀರದ ಹಾಗೆ ಎಲ್ಲರದ್ದು ಎಂದುಕೊಂಡಿದ್ದಾರೆ. ಅದು ಕಾನೂನಿಗಿಂತ ಮೊದಲು ಮರ್ಯಾದೆಯ ಪ್ರಶ್ನೆ.

‘ಅಜ್ಜಿಯ ಕೈಯಾರೆ’ ಎಂಬ ಮಾತು ನಿಮಗೆ ಸಿಕ್ಕಿರುವ ಒಳ್ಳೆಯ ಆಸರೆ. ಅಜ್ಜಿ ಆ ಶರಬತ್ತನ್ನು ಮಾಡಿಲ್ಲ, ರುಚಿ ನೋಡಿಲ್ಲ, ಹೊಗಳಿಲ್ಲ. ಮಾಡಿದ್ದಾರೆಂಬ ಭಾವನೆ ಹುಟ್ಟಿಸಿ ಮಾರುತ್ತಿದ್ದಾರೆ. ಒಪ್ಪಿಗೆಯಿಲ್ಲದ ಬಳಕೆಯ ಜೊತೆಗೆ ಇದು ಸುಳ್ಳು ಹೇಳಿಕೆ. ನಾಳೆ ಆ ಶರಬತ್ತು ಕುಡಿದು ಯಾರಿಗಾದರೂ ಹೊಟ್ಟೆ ಕೆಟ್ಟರೆ ಜನ ನೆನಪಿಟ್ಟುಕೊಳ್ಳುವುದು ಯಾರ ಮುಖವನ್ನು? ನೋಟಿಸಿನಲ್ಲಿ ಈ ವಾಕ್ಯ ಇರಲಿ. ಕಂಪನಿ ಇದನ್ನೇ ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಲು ಹೊರಟಿದೆಯೇ ಎಂದೂ ನೋಡಿ. ಜೀವಂತ ವ್ಯಕ್ತಿಯೊಂದಿಗೆ ಸುಳ್ಳು ಸಂಬಂಧ ಸೂಚಿಸುವ ಚಿಹ್ನೆಯ ಅರ್ಜಿ ಬಂದರೆ, 1999ರ ವ್ಯಾಪಾರ ಚಿಹ್ನೆಗಳ ಕಾಯ್ದೆಯ 14ನೇ ಕಲಮಿನಂತೆ ನೋಂದಣಾಧಿಕಾರಿ ಆ ವ್ಯಕ್ತಿಯ ಲಿಖಿತ ಒಪ್ಪಿಗೆ ಕೇಳಬಹುದು.

ಈಗ ಕೆಲಸಕ್ಕೆ ಬನ್ನಿ. ಕಂಪನಿಗೆ ಫೋನ್ ಮಾಡಿ ಬೈಯುವುದಕ್ಕಿಂತ ಮೊದಲು ಎರಡು ಬಾಟಲಿ ಕೊಳ್ಳಿ, ಬಿಲ್ ಕೇಳಿ ಪಡೆಯಿರಿ. ಬೈದರೆ ಲೇಬಲ್ ಬದಲಾಗುತ್ತದೆ, ಸಾಕ್ಷ್ಯ ಮಾಯವಾಗುತ್ತದೆ. ಲೇಬಲ್ಲಿನ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ತಯಾರಕರ ಹೆಸರು, ಪೂರ್ತಿ ವಿಳಾಸ, ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ, 14 ಅಂಕಿಗಳ ಆಹಾರ ಪರವಾನಗಿ ಸಂಖ್ಯೆ ಇರುತ್ತವೆ. ‘ಮಾರಾಟ ಮಾಡುವವರು’ ಎಂದು ಬೇರೆ ಹೆಸರಿದ್ದರೆ ಅವರನ್ನೂ ಬಿಡಬೇಡಿ. ಬ್ಯಾಚ್ ಬೇರೆ ಬೇರೆ ಇರುವ ಬಾಟಲಿ ಸಿಕ್ಕರೆ ಇನ್ನೂ ಒಳ್ಳೆಯದು, ಎಷ್ಟು ಕಾಲದಿಂದ ಮಾರುತ್ತಿದ್ದಾರೆ ಎಂಬುದು ಅದರಿಂದಲೇ ಗೊತ್ತಾಗುತ್ತದೆ. ಜಾಲತಾಣದ ಪುಟಗಳನ್ನು ವಿಳಾಸ, ದಿನಾಂಕ ಕಾಣುವಂತೆ ಚಿತ್ರ ತೆಗೆದಿಡಿ. ನ್ಯಾಯಾಲಯದಲ್ಲಿ ಅವಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಅದನ್ನು ವಕೀಲರು ನೋಡಿಕೊಳ್ಳುತ್ತಾರೆ. ಅಜ್ಜಿ ಅದೇ ಸೀರೆ, ಅದೇ ಸರದಲ್ಲಿರುವ ಹಳೆಯ ಫೋಟೋ ಮನೆಯಲ್ಲಿದ್ದರೆ ತೆಗೆದಿಡಿ. ‘ಇದು ಅವರಲ್ಲ, ಇನ್ಯಾರೋ’ ಎಂದು ಹೇಳುವವರೂ ಇರುತ್ತಾರೆ. ಫೋಟೋಗೆ ಬದಲು ಚಿತ್ರ ಬರೆಸಿದ್ದರೂ, ನೋಡಿದವರು ಅಜ್ಜಿಯನ್ನು ಗುರುತಿಸುವಂತಿದ್ದರೆ ವಾದ ಅದೇ.

ಪೊಲೀಸ್ ಠಾಣೆಗೆ ಹೋಗಿ ಪ್ರಯೋಜನ ಕಡಿಮೆ. ಅಶ್ಲೀಲವಾಗಿ ತಿರುಚಿದ ಚಿತ್ರವೋ ಹೆಸರು ಹೇಳಿ ವಂಚನೆಯೋ ಆಗಿದ್ದರೆ ಬೇರೆ, ಇದು ಸಿವಿಲ್ ವಿಷಯ.

ಆಮೇಲೆ ವಕೀಲರ ನೋಟಿಸ್. ಮಾರಾಟ ನಿಲ್ಲಿಸಿ, ಉಳಿದ ಲೇಬಲ್ ನಾಶಮಾಡಿ, ಫೋಟೋ ಯಾರಿಂದ ಬಂತು ತಿಳಿಸಿ, ಎಷ್ಟು ಬಾಟಲಿ ಮಾರಿದ್ದೀರಿ ಲೆಕ್ಕ ಕೊಡಿ, ಇಷ್ಟು ಪರಿಹಾರ ಕೊಡಿ. ಸಣ್ಣ ಕಂಪನಿಗಳು ಬಹುಮಟ್ಟಿಗೆ ಇಲ್ಲಿಯೇ ಬಗ್ಗುತ್ತವೆ, ಏಕೆಂದರೆ ಲೇಬಲ್ ಬದಲಿಸುವ ಖರ್ಚು ವ್ಯಾಜ್ಯದ ಖರ್ಚಿಗಿಂತ ಕಡಿಮೆ. ಬಗ್ಗದಿದ್ದರೆ ದಾವೆ, ಜೊತೆಗೆ ತಾತ್ಕಾಲಿಕ ತಡೆಯಾಜ್ಞೆಯ ಅರ್ಜಿ. ದೆಹಲಿ, ಮುಂಬೈ ಹೈಕೋರ್ಟುಗಳಂತೆ ನಮ್ಮ ಹೈಕೋರ್ಟಿನಲ್ಲಿ ನೇರವಾಗಿ ಇಂಥ ದಾವೆ ಹೂಡಲಾಗುವುದಿಲ್ಲ. ಬಾಟಲಿ ಅಂಕೋಲಾದಲ್ಲಿ ಮಾರಾಟವಾಗುತ್ತಿದ್ದರೆ ಇಲ್ಲಿನ ಸಿವಿಲ್ ನ್ಯಾಯಾಲಯದಲ್ಲೇ ಹೂಡಬಹುದು, ಕಂಪನಿಯೇ ಇಲ್ಲಿಗೆ ಬರಲಿ. ಮುಂದೆ ಹೈಕೋರ್ಟಿಗೆ ಹೋದರೆ ಧಾರವಾಡ ಪೀಠ. ಹಣದ ಬಗ್ಗೆ ಮಾತ್ರ ದೊಡ್ಡ ಆಸೆ ಬೇಡ. ತಡೆಯಾಜ್ಞೆ ಸಿಗುವ ಸಾಧ್ಯತೆ ಚೆನ್ನಾಗಿದೆ, ಲಕ್ಷಗಟ್ಟಲೆ ಪರಿಹಾರದ್ದು ಹಾಗಿಲ್ಲ. ಕೇಳಿದ ಮೊತ್ತಕ್ಕೆ ತಕ್ಕಂತೆ ನ್ಯಾಯಾಲಯದ ಶುಲ್ಕವೂ ಏರುತ್ತದೆ.

ಹಕ್ಕು ಅಜ್ಜಿಯದು ಎಂದೆನಲ್ಲ, ಅದರಿಂದ ಎರಡು ಸಂಗತಿ ಹೊರಡುತ್ತವೆ. ಮೊದಲನೆಯದು, ಅವರನ್ನು ಕೇಳಿ. ನಿಮಗೆ ಸಿಟ್ಟು ಬಂದಿದೆ, ಅವರಿಗೆ ಬಂದಿದೆಯೇ? ಲೇಬಲ್ ಇರಲಿ, ಹಣ ಕೊಡಲಿ ಎಂದು ಅವರು ಹೇಳಬಹುದು. ಅದೂ ಸರಿಯಾದ ಉತ್ತರವೇ. ಆಗ ಬೇಕಾದದ್ದು ಯಾವ ಪದಾರ್ಥಕ್ಕೆ, ಎಷ್ಟು ವರ್ಷಕ್ಕೆ, ವರ್ಷಕ್ಕೆ ಎಷ್ಟು ಹಣ ಎಂದು ಕನ್ನಡದಲ್ಲಿ ಬರೆದು, ಅವರಿಗೆ ಓದಿ ಹೇಳಿ ಮಾಡಿಸುವ ಕರಾರು. ‘ಕೈಯಾರೆ’ ಎಂಬ ಸುಳ್ಳು ಆಗಲೂ ಹೋಗಬೇಕು. ಎರಡನೆಯದು, ತಡಮಾಡಬೇಡಿ. ದಿವಂಗತ ನಟ ಸುಶಾಂತ್ ಸಿಂಗ್ ರಜಪೂತ್ ಅವರ ತಂದೆ ಹೂಡಿದ್ದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2023ರಲ್ಲಿ, ಖಾಸಗಿತನ ಮತ್ತು ಪ್ರಚಾರದ (ಅಂದರೆ ತನ್ನ ಹೆಸರು, ಮುಖದ ವಾಣಿಜ್ಯ ಬಳಕೆಯ ಮೇಲಿನ) ಹಕ್ಕುಗಳು ವ್ಯಕ್ತಿಯೊಂದಿಗೇ ಮುಗಿಯುತ್ತವೆ, ವಾರಸುದಾರರಿಗೆ ಇಳಿಯುವುದಿಲ್ಲ ಎಂದಿತು. ಮೊಮ್ಮಗನಾಗಿ ನೀವು ಮುಂದೊಂದು ದಿನ ಮಾಡುತ್ತೇನೆ ಎಂದುಕೊಂಡಿರುವ ದಾವೆ ಆಗ ನಿಲ್ಲುವುದು ಕಷ್ಟ.

ಕಾಲಮಿತಿಯೂ ಇದೆ. ಇಂಥ ಪರಿಹಾರಕ್ಕೆ ಸಾಮಾನ್ಯವಾಗಿ ಮೂರು ವರ್ಷ, ಮಾನನಷ್ಟವನ್ನೂ ಸೇರಿಸುವುದಾದರೆ ಒಂದೇ ವರ್ಷ. ತಡೆಯಾಜ್ಞೆ ಕೇಳುವವರು ಆರು ತಿಂಗಳು ಸುಮ್ಮನಿದ್ದರೆ ‘ಅಷ್ಟು ದಿನ ಇಲ್ಲದ ಅವಸರ ಈಗೇಕೆ’ ಎಂದು ನ್ಯಾಯಾಧೀಶರು ಕೇಳಿಯೇ ಕೇಳುತ್ತಾರೆ. ವಕೀಲರ ಶುಲ್ಕದ ಚಿಂತೆಯಿದ್ದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಯಾವ ಮಹಿಳೆಯೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ಅಂಕೋಲಾ ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಅರ್ಜಿ ಕೊಡಿ. ಅಜ್ಜಿಯ ಆಧಾರ್ ಪ್ರತಿ, ಬಾಟಲಿ, ಬಿಲ್ ತೆಗೆದುಕೊಂಡು ಹೋಗಿ, ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಸಂತೆಯ ದಿನ ಬಿಟ್ಟು.