ಜಿಟಿಎ ಸ್ಯಾನ್ ಆಂಡ್ರಿಯಾಸ್ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದರೂ ಓಪನ್ ಆದ ಕೂಡಲೇ ಮುಚ್ಚಿಕೊಳ್ಳುತ್ತಿದೆ, ಏನು ಮಾಡಲಿ?
ಇನ್ನೊಮ್ಮೆ ಇನ್‌ಸ್ಟಾಲ್ ಮಾಡೋದು ಬೇಡ, ಸುಮ್ನೆ ಟೈಮ್ ವೇಸ್ಟ್. ಇದು 2005ರಲ್ಲಿ ಪಿಸಿಗೆ ಬಂದ ಗೇಮ್. ಅನ್‌ಇನ್‌ಸ್ಟಾಲ್ ಮಾಡಿದಾಗ ಗೇಮಿನ ಫೋಲ್ಡರ್ ಮಾತ್ರ ಹೋಗುತ್ತದೆ. ನಿಮ್ಮ ಸೆಟ್ಟಿಂಗ್ಸ್ ಬೇರೆ ಕಡೆ ಹಾಗೇ ಉಳಿದಿರುತ್ತವೆ. ಮತ್ತೆ ಇನ್‌ಸ್ಟಾಲ್ ಮಾಡಿದ ಗೇಮ್ ಅದೇ ಹಳೇ ಸೆಟ್ಟಿಂಗ್ಸ್ ಫೈಲ್ ಓದಿ ಮುಗ್ಗರಿಸುತ್ತದೆ, ಅಷ್ಟೇ.

ಡಾಕ್ಯುಮೆಂಟ್ಸ್ ಒಳಗೆ 'ಜಿಟಿಎ ಸ್ಯಾನ್ ಆಂಡ್ರಿಯಾಸ್ ಯೂಸರ್ ಫೈಲ್ಸ್' ಅನ್ನೋ ಫೋಲ್ಡರ್ ಇರುತ್ತದೆ. ಕಾಣದಿದ್ದರೆ ಒನ್‌ಡ್ರೈವ್‌ನ ಡಾಕ್ಯುಮೆಂಟ್ಸ್‌ನಲ್ಲೂ ನೋಡಿ. ಅದರಲ್ಲಿ ಹೆಸರು 'ಡಾಟ್ ಸೆಟ್' (.set) ಎಂದು ಮುಗಿಯುವ ಒಂದು ಚಿಕ್ಕ ಫೈಲ್ ಇದೆ. ಸ್ಕ್ರೀನ್, ಸೌಂಡ್, ಕೀಗಳ ಸೆಟ್ಟಿಂಗ್ ಎಲ್ಲ ಅದರಲ್ಲೇ. ಅದೊಂದನ್ನು ಮಾತ್ರ ಡಿಲೀಟ್ ಮಾಡಿ, ಗೇಮ್ ಓಪನ್ ಮಾಡಿ. ಹೊಸ ಫೈಲನ್ನು ಗೇಮೇ ಮಾಡಿಕೊಳ್ಳುತ್ತದೆ.

ಇಡೀ ಫೋಲ್ಡರ್ ಅಳಿಸಬೇಡಿ ಮತ್ತೆ! ನಿಮ್ಮ ಸೇವ್ ಫೈಲ್‌ಗಳೂ ಅಲ್ಲೇ ಇವೆ. ಅಷ್ಟೆಲ್ಲ ಮಿಷನ್ ಮುಗಿಸಿ ಮೊದಲಿಂದ ಆಡೋದು ಯಾರಿಗೆ ಬೇಕು, ಅಲ್ವಾ?

ಆಗಲೂ ಓಪನ್ ಆಗದಿದ್ದರೆ ಗೇಮಿನ ಎಕ್ಸ್‌ಇ (ಗೇಮ್ ಶುರು ಮಾಡುವ .exe ಫೈಲ್) ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿಯಲ್ಲಿ ವಿಂಡೋಸ್ ಎಕ್ಸ್‌ಪಿ ಆರಿಸಿ ನೋಡಿ. ಮಾಡ್ (ಗೇಮನ್ನು ಬದಲಿಸಲು ಬೇರೆಯವರು ಮಾಡಿದ ಫೈಲ್‌ಗಳು) ಹಾಕಿದ್ದರೆ ಮೊದಲು ಅವನ್ನು ತೆಗೆಯಿರಿ. ನನಗೆ ಅವುಗಳ ಮೇಲೇ ಅನುಮಾನ ಜಾಸ್ತಿ.