ಆ ಪೊಟ್ಟಣದಲ್ಲಿದ್ದ ಧೂಳು

ಪ್ರಿಯ ಓದುಗರೇ,

ನಿಮ್ಮ ಪತ್ರದ ಜೊತೆಗೆ ಒಂದು ಪೊಟ್ಟಣವೂ ಬಂದಿದೆ. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಮಡಚಿ, ಅದರೊಳಗೆ ಎರಡು ಚಮಚದಷ್ಟು ಬೂದು ಬಣ್ಣದ ಪುಡಿ ಇಟ್ಟು, ಮೇಲೆ ‘ಮಲಗುವ ಕೋಣೆಯ ಕಿಟಕಿ, ಒಂದೇ ವಾರದ್ದು’ ಎಂದು ಬರೆದಿದ್ದೀರಿ. ನಾಲ್ಕು ಪುಟದ ಪತ್ರ ಹೇಳಿದ್ದಕ್ಕಿಂತ ಹೆಚ್ಚಿನದನ್ನು ಆ ಪುಡಿ ಹೇಳಿತು. ಹೆಸರು ಪ್ರಕಟಿಸಬೇಡಿ ಎಂಬ ನಿಮ್ಮ ಮಾತನ್ನು ಉಳಿಸಿಕೊಂಡಿದ್ದೇನೆ.

ಉಳಿದ ಓದುಗರಿಗಾಗಿ ಪತ್ರದ ಸಾರವಿಷ್ಟು: ಎಂಟು ತಿಂಗಳಿಂದ ಇವರ ಮನೆಯ ಪಕ್ಕದಲ್ಲಿ ಬಹುಮಹಡಿ ಕಟ್ಟಡ ಏಳುತ್ತಿದೆ. ತಾಯಿಗೆ ಮೊದಲೇ ಇದ್ದ ಉಬ್ಬಸ ಹೆಚ್ಚಾಗಿದೆ. ಆರು ವರ್ಷದ ಮಗನಿಗೆ ಬೆಳಗಿನ ಜಾವ ಒಣ ಕೆಮ್ಮು. ದಿನಕ್ಕೆ ಮೂರು ಬಾರಿ ಗುಡಿಸಿದರೂ ಅಂಗಾಲಿಗೆ ಪುಡಿ ಹತ್ತುತ್ತದೆ. ಕೆಲಸದ ಮೇಲ್ವಿಚಾರಕರನ್ನು ಕೇಳಿದರೆ ‘ಸಿಮೆಂಟ್ ಕೆಲಸ ಅಂದ ಮೇಲೆ ಧೂಳು ಇದ್ದೇ ಇರುತ್ತದೆ, ಇನ್ನಾರು ತಿಂಗಳು ಕಿಟಕಿ ಮುಚ್ಚಿಕೊಳ್ಳಿ’ ಎಂದರಂತೆ. ನೆರೆಯವರಲ್ಲಿ ಕೆಲವರು ಇವರನ್ನೇ ತಕರಾರಿನವರು ಎನ್ನತೊಡಗಿದ್ದಾರೆ. ಪತ್ರದ ಕೊನೆಯ ಸಾಲು: ‘ನಾನು ಅತಿಯಾಗಿ ಆಡುತ್ತಿದ್ದೇನೆಯೇ?’

ಇಲ್ಲ. ನೀವು ಕಟ್ಟಡ ಬೇಡ ಎನ್ನುತ್ತಿಲ್ಲ, ಉಸಿರಾಡಲು ಬಿಡಿ ಎನ್ನುತ್ತಿದ್ದೀರಿ. ಇದನ್ನು ಮೊದಲು ಹೇಳಿ ಮುಂದಕ್ಕೆ ಹೋಗುತ್ತೇನೆ.

ನಿಮ್ಮ ಪೊಟ್ಟಣದಿಂದ ಒಂದು ಚಮಚ ಪುಡಿಯನ್ನು ತಟ್ಟೆಗೆ ಹಾಕಿ, ಹಿಟ್ಟು ಕಲಸುವ ಹದಕ್ಕೆ ನೀರು ಬೆರೆಸಿ, ಕಚೇರಿಯ ಮೇಜಿನ ಮೇಲೆ ಎರಡು ದಿನ ಬಿಟ್ಟೆ. ಹೊಸ ಸಿಮೆಂಟ್ ಆಗಿದ್ದರೆ ಮರುದಿನಕ್ಕೆ ಉಗುರು ನಾಟದಷ್ಟು ಗಟ್ಟಿಯಾಗಬೇಕಿತ್ತು. ಆಗಲಿಲ್ಲ. ಒಣಗಿ, ಬೆರಳಿನಿಂದ ಒತ್ತಿದಾಗ ಮತ್ತೆ ಪುಡಿಯಾಯಿತು. ಇದು ಪ್ರಯೋಗಾಲಯದ ಪರೀಕ್ಷೆಯಲ್ಲ. ಗಾಳಿಯ ತೇವ ಕುಡಿದ ಸಿಮೆಂಟ್ ಕೂಡ ಗಟ್ಟಿಯಾಗುವ ಗುಣ ಕಳೆದುಕೊಳ್ಳುತ್ತದೆ, ಹಾಗಾಗಿ ಇದನ್ನು ಸಾಕ್ಷಿ ಎಂದು ಎಲ್ಲಿಯೂ ಮುಂದಿಡಬೇಡಿ. ಆದರೆ ನನಗೆ ಅನುಮಾನ ಬಂದದ್ದು ಅಲ್ಲಿಂದ. ಪತ್ರವನ್ನು ಮತ್ತೊಮ್ಮೆ ಓದಿದೆ. ‘ಟೈಲ್ಸ್ ಕತ್ತರಿಸುವ ಯಂತ್ರದ ಸದ್ದು ಶುರುವಾದರೆ ಅಮ್ಮನಿಗೆ ಕೆಮ್ಮು ಶುರುವಾಗುತ್ತದೆ’ ಎಂದು ಎರಡನೆಯ ಪುಟದಲ್ಲಿ ನೀವೇ ಬರೆದಿದ್ದೀರಿ.

ನಾವೆಲ್ಲ ಇದನ್ನು ಸಿಮೆಂಟ್ ಧೂಳು ಎಂದು ಒಂದೇ ಹೆಸರಿನಿಂದ ಕರೆಯುತ್ತೇವೆ. ನಿಜಕ್ಕೂ ಅದರಲ್ಲಿ ಎರಡು ಬಗೆಯಿವೆ. ಒಂದು, ಚೀಲ ಬಿಚ್ಚುವಾಗ, ಸುರಿಯುವಾಗ, ಖಾಲಿ ಚೀಲ ಕೊಡವುವಾಗ ಏಳುವ ಒಣ ಸಿಮೆಂಟು. ಸುಣ್ಣಕಲ್ಲು ಮತ್ತು ಜೇಡಿಯನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು ಅರೆದ ಪುಡಿ ಅದು. ನೀರು ತಾಗಿದರೆ ತೀವ್ರ ಕ್ಷಾರವಾಗುತ್ತದೆ, ಶುದ್ಧ ನೀರಿಗೆ 7 ಇರುವ ಪಿಎಚ್ ಎಂಬ ಅಳತೆ ಅದರಲ್ಲಿ 12ನ್ನು ದಾಟುತ್ತದೆ. ನಮ್ಮ ಕಣ್ಣು, ಮೂಗು, ಗಂಟಲು ಸದಾ ಒದ್ದೆಯಾಗಿರುವ ಜಾಗಗಳು. ಉರಿ, ಕೆರೆತ, ಗಂಟಲು ಕಟ್ಟುವುದು ಅದರಿಂದಲೇ.

ಎರಡನೆಯದು ಗಟ್ಟಿಯಾದ ಕಾಂಕ್ರೀಟು, ಇಟ್ಟಿಗೆ, ಕಲ್ಲು, ಟೈಲ್ಸ್‌ಗಳನ್ನು ಕತ್ತರಿಸಿದಾಗ, ಉಜ್ಜಿದಾಗ, ಕೊರೆದಾಗ ಬರುವುದು. ಚೀಲದ ಸಿಮೆಂಟಿನಲ್ಲಿ ಹರಳು ರೂಪದ ಸಿಲಿಕಾ ಎಂಬ ಖನಿಜ ಕಡಿಮೆ. ಮರಳು, ಜಲ್ಲಿ ಮತ್ತು ಅನೇಕ ಕಲ್ಲುಗಳಲ್ಲಿ ಅದು ಹೇರಳ. ಗರಗಸದ ಅಲಗು ಆ ಮರಳಿನ ಕಣವನ್ನು ಸೀಳಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಗಾಳಿಗೆ ಸೇರುತ್ತವೆ. ಹೀಗೆ ಉಸಿರಿನೊಡನೆ ಒಳಹೋಗುವ ಹರಳು ಸಿಲಿಕಾವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಶ್ವಾಸಕೋಶವನ್ನು ಗಾಯದ ಕಲೆಯಂತೆ ಬಿರುಸಾಗಿಸುವ ಸಿಲಿಕೋಸಿಸ್ ರೋಗಕ್ಕೂ ಇದೇ ಕಾರಣ. ಆ ಕಲೆ ಒಮ್ಮೆ ಕಟ್ಟಿದರೆ ಮತ್ತೆ ಕರಗುವುದಿಲ್ಲ.

ಹೆದರಿಸಲು ಇದನ್ನು ಬರೆಯುತ್ತಿಲ್ಲ. ಸಿಲಿಕೋಸಿಸ್ ಮುಖ್ಯವಾಗಿ ವರ್ಷಗಟ್ಟಲೆ ಧೂಳಿನ ನಡುವೆ ದುಡಿಯುವವರ ರೋಗ. ಪಕ್ಕದ ಮನೆಯಲ್ಲಿ ಒಂದೆರಡು ವರ್ಷ ಧೂಳು ಸೇವಿಸಿದವರನ್ನು ಹೆಚ್ಚು ಕಾಡುವುದು ಬೇರೆ ತೊಂದರೆಗಳು: ಇರುವ ಉಬ್ಬಸ ಕೆರಳುವುದು, ಮಕ್ಕಳ ಶ್ವಾಸನಾಳ ಕೆಂಪೇರುವುದು, ಹೃದಯದ ಕಾಯಿಲೆ ಇರುವವರಿಗೆ ಆಯಾಸ. ನಿಮ್ಮ ತಾಯಿಗೂ ಮಗನಿಗೂ ಆಗುತ್ತಿರುವುದು ಇದೇ ಇರಬಹುದು. ಇದೇನೂ ಸಣ್ಣದಲ್ಲ. ರಾತ್ರಿಯಿಡೀ ದಿಂಬಿಗೆ ಒರಗಿ ಕುಳಿತು ಬೆಳಗಾಗಿಸುವ ತಾಯಿಗೆ ‘ಇನ್ನಾರು ತಿಂಗಳು’ ಎನ್ನುವ ಮಾತು ಹೇಗೆ ಕೇಳಿಸುತ್ತದೆ ಎಂದು ಆ ಮೇಲ್ವಿಚಾರಕರು ಒಮ್ಮೆ ಯೋಚಿಸಬೇಕು.

ಈಗ ನಿಮ್ಮ ಪೊರಕೆಯ ವಿಷಯ. ನೀವು ಗುಡಿಸಿ ತೆಗೆಯುತ್ತಿರುವುದು ದಪ್ಪ ಧೂಳನ್ನು. ಒಂದು ಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. 10 ಮೈಕ್ರಾನಿನ ಸಿಮೆಂಟ್ ಕಣ ಅಲುಗಾಡದ ಗಾಳಿಯಲ್ಲಿ ಎರಡು ಮೀಟರ್ ಎತ್ತರದಿಂದ ನಾಲ್ಕು ನಿಮಿಷದೊಳಗೆ ನೆಲಕ್ಕೆ ಇಳಿಯುತ್ತದೆ. 1 ಮೈಕ್ರಾನಿನ ಕಣಕ್ಕೆ ಅದೇ ದೂರ ಇಳಿಯಲು ಐದು ತಾಸು ಬೇಕು. ಮನೆಯಲ್ಲಿ ಜನ ಓಡಾಡುತ್ತಿದ್ದರೆ, ಫ್ಯಾನ್ ತಿರುಗುತ್ತಿದ್ದರೆ ಅದು ಇಳಿಯುವುದೇ ಇಲ್ಲ. ಮೂಗಿನ ಕೂದಲು, ಗಂಟಲಿನ ಲೋಳೆ ತಡೆಯುವುದು ದೊಡ್ಡ ಕಣಗಳನ್ನು. ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಹೋಗುವುದು ಆ ತೇಲುವ ಸಣ್ಣವು. ಒಣ ಪೊರಕೆ ಆಡಿಸಿದಾಗ ಅಷ್ಟು ಹೊತ್ತಿನಲ್ಲಿ ಹೇಗೋ ಕೆಳಗಿಳಿದಿದ್ದವೂ ಮತ್ತೆ ಮೇಲೇಳುತ್ತವೆ. ದಿನಕ್ಕೆ ಮೂರು ಬಾರಿ ಗುಡಿಸುವ ನಿಮ್ಮ ಶ್ರಮ ನೋಡಿ ನೋವಾಯಿತು, ಆದ್ದರಿಂದ ನೇರವಾಗಿಯೇ ಹೇಳುತ್ತೇನೆ: ಒಣ ಪೊರಕೆಯನ್ನು ಇಂದೇ ನಿಲ್ಲಿಸಿ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಕೊಡವದೆ ನೀರಿನಲ್ಲಿ ಅದ್ದಿ ತೊಳೆಯಿರಿ, ಕೈಗೆ ರಬ್ಬರಿನ ಕೈಗವಸು ಹಾಕಿಕೊಳ್ಳಿ. ಒರೆಸುವಾಗ ತಾಯಿಯೂ ಮಗನೂ ಬೇರೆ ಕೋಣೆಯಲ್ಲಿರಲಿ.

ಇದೇ ತಪ್ಪು ಗೋಡೆಯ ಆಚೆ ಇನ್ನೂ ದೊಡ್ಡದಾಗಿ ನಡೆಯುತ್ತಿದೆ. ಸಂಜೆ ಐದಕ್ಕೆ ಕೆಲಸ ಮುಗಿಸಿ ಮಹಡಿಯನ್ನೆಲ್ಲ ಒಣದಾಗಿ ಗುಡಿಸಿ, ರಾಶಿಯನ್ನು ಮೂರನೆಯ ಅಂತಸ್ತಿನಿಂದ ಕೆಳಕ್ಕೆ ತಳ್ಳುತ್ತಾರೆ ಎಂದು ಬರೆದಿದ್ದೀರಿ. ನಿಮ್ಮ ಮನೆಯವರು ಕಿಟಕಿ ತೆರೆಯುವುದೂ ಅದೇ ಹೊತ್ತಿಗೆ.

ಕಿಟಕಿ ಮುಚ್ಚಿಕೊಳ್ಳಿ ಎಂಬ ಸಲಹೆಯ ಬಗ್ಗೆ ನನಗೆ ಸಿಟ್ಟಿದೆ. ಧೂಳನ್ನು ಅದು ಹುಟ್ಟುವಲ್ಲಿ ಹಿಡಿಯುವುದು ಸುಲಭ, ಹರಡಿದ ಮೇಲೆ ಹಿಡಿಯುವುದು ಯಾರಿಂದಲೂ ಆಗದು. ಗರಗಸದ ಅಲಗಿನ ಮೇಲೆ ಸಣ್ಣ ನಳಿಕೆಯಿಂದ ನೀರು ಬೀಳುತ್ತಿದ್ದರೆ ಧೂಳು ಏಳುವ ಮೊದಲೇ ಕೆಸರಾಗುತ್ತದೆ. ಇದಕ್ಕೆ ಬೇಕಾದದ್ದು ಒಂದು ಕೊಳವೆ ಮತ್ತು ಒಂದು ಡ್ರಮ್ ನೀರು. ಕಾಂಕ್ರೀಟು ಗಟ್ಟಿಯಾಗಲೆಂದು ಒದ್ದೆಯಾಗಿಡುವ ಕ್ಯೂರಿಂಗ್‌ಗೆ ದಿನವೂ ನೀರು ಹರಿಸುವ ಕಟ್ಟಡದಲ್ಲಿ ಗರಗಸಕ್ಕೆ ನೀರಿಲ್ಲ ಎನ್ನುವ ಮಾತನ್ನು ಒಪ್ಪಲಾಗದು. ಅಮೆರಿಕದಲ್ಲಿ 2016ರಲ್ಲಿ ತಂದ ನಿಯಮ ಕಾರ್ಮಿಕರು ಉಸಿರಾಡುವ ಗಾಳಿಯಲ್ಲಿ ಹರಳು ಸಿಲಿಕಾದ ಮಿತಿಯನ್ನು ಎಂಟು ತಾಸಿನ ಸರಾಸರಿಯಲ್ಲಿ ಘನ ಮೀಟರಿಗೆ 50 ಮೈಕ್ರೋಗ್ರಾಂ ಎಂದು ನಿಗದಿ ಮಾಡಿತು. ಕಲ್ಲು, ಕಾಂಕ್ರೀಟು ಕತ್ತರಿಸುವ ಗರಗಸಗಳಿಗೆ ಅದು ಸೂಚಿಸುವ ಮುಖ್ಯ ದಾರಿಯೂ ಅಲಗಿಗೆ ಸತತವಾಗಿ ನೀರು ಬಿಡುವುದೇ.

ನೀವು ಲಿಖಿತವಾಗಿ ಕೇಳಬೇಕಾದ ಮೊದಲ ಸಂಗತಿ ಇದು. ಎರಡನೆಯದು, ಗುಡಿಸುವ ಮೊದಲು ನೀರು ಚಿಮುಕಿಸುವುದು. ಅವಶೇಷವನ್ನು ಮೇಲಿನಿಂದ ಸುರಿಯದೆ ಮುಚ್ಚಿದ ಕೊಳವೆಯಲ್ಲಿ ಅಥವಾ ಚೀಲದಲ್ಲಿ ಇಳಿಸುವುದು. ಮರಳಿನ ರಾಶಿಗೆ, ಲಾರಿಗೆ ಟಾರ್ಪಾಲಿನ್ ಹೊದಿಸುವುದನ್ನೂ ಸೇರಿಸಿ. ಗರಗಸದ ಕೆಸರನ್ನು ಅಂದೇ ತೆಗೆಯಬೇಕು ಎಂದೂ ಬರೆಯಿರಿ, ಇಲ್ಲವಾದರೆ ಅದು ಒಣಗಿ ಮರುದಿನದ ಧೂಳಾಗುತ್ತದೆ. ಹಸಿರು ಪರದೆ ಕಟ್ಟಿದ್ದೇವಲ್ಲ ಎಂದು ಅವರು ಹೇಳಬಹುದು. ಪರದೆ ಬೇಕು, ಅದು ಬೀಳುವ ಚೂರುಗಳನ್ನೂ ದಪ್ಪ ಧೂಳನ್ನೂ ತಡೆಯುತ್ತದೆ. ಆದರೆ ಸಣ್ಣ ಕಣಕ್ಕೆ ಅದರ ಒಂದೊಂದು ರಂಧ್ರವೂ ಹೆಬ್ಬಾಗಿಲು. ಬೆಳಿಗ್ಗೆ ಒಮ್ಮೆ ಅಂಗಳಕ್ಕೆ ನೀರು ಹೊಡೆದು ಸುಮ್ಮನಾಗುವುದೂ ಅಷ್ಟೆ, ಮಧ್ಯಾಹ್ನಕ್ಕೆ ಅದು ಒಣಗಿರುತ್ತದೆ.

ಆ ಪತ್ರದಲ್ಲಿ ಕಾರ್ಮಿಕರ ಮಾತನ್ನೂ ಬರೆಯಿರಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ನಿಮ್ಮ ಮನೆಗೆ ತಲುಪುವ ಧೂಳು ಅವರ ಮುಖದಿಂದ ಒಂದು ಮೊಳ ದೂರದಲ್ಲಿ ಹುಟ್ಟುತ್ತದೆ. ಬಹಳ ವರ್ಷಗಳ ಹಿಂದೆ ನಮ್ಮ ಮನೆಯ ಗೋಡೆಗೆ ಗಾರೆ ಮಾಡಿದ ಹಿರಿಯರೊಬ್ಬರ ಕೈಗಳು ನನಗೆ ಇನ್ನೂ ನೆನಪಿವೆ. ಬೆರಳ ತುದಿಗಳಲ್ಲಿ ರೇಖೆಗಳೇ ಅಳಿಸಿಹೋಗಿದ್ದವು. ಗೆಣ್ಣುಗಳು ಬಿರಿದಿದ್ದವು. ಚಹಾದ ಲೋಟವನ್ನು ಬೆರಳಲ್ಲಿ ಹಿಡಿಯಲಾಗದೆ ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿಯುತ್ತಿದ್ದರು. ಒದ್ದೆ ಸಿಮೆಂಟಿನ ಕ್ಷಾರ ಚರ್ಮವನ್ನು ಸುಡುತ್ತದೆ, ಅದರಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ (ಕ್ರೋಮಿಯಂ ಲೋಹದ ಒಂದು ರೂಪ) ಅಲರ್ಜಿ ತರುತ್ತದೆ ಎಂದು ನನಗೆ ತಿಳಿದದ್ದು ಆಮೇಲೆ. ಯೂರೋಪಿನ ಒಕ್ಕೂಟ 2005ರಿಂದ ಸಿಮೆಂಟಿನಲ್ಲಿ ನೀರಿಗೆ ಕರಗುವ ಆ ಕ್ರೋಮಿಯಂ ಹತ್ತು ಲಕ್ಷಕ್ಕೆ ಎರಡು ಭಾಗ ಮೀರಬಾರದು ಎಂದು ಕಟ್ಟುಮಾಡಿದೆ. ಆ ಹಿರಿಯರಿಗೆ ನಾನು ಒಂದು ಜೊತೆ ಕೈಗವಸನ್ನೂ ಕೊಟ್ಟಿರಲಿಲ್ಲ. ನೀವು ಆ ತಪ್ಪು ಮಾಡಬೇಡಿ. ಅಲಗಿಗೆ ನೀರು ಬಂದರೆ ನಿಮ್ಮ ಮಗನ ಜೊತೆ ಆ ಗರಗಸ ಹಿಡಿದ ಹುಡುಗನೂ ಉಳಿಯುತ್ತಾನೆ. ಕಟ್ಟುವವರಿಗೂ ನಿಮಗೂ ಜಗಳವಾಗಬೇಕಾದ ಅಗತ್ಯ ಇಲ್ಲಿಲ್ಲ.

ವೈದ್ಯರ ಬಳಿ ಹೋದಾಗ ‘ಕೆಮ್ಮು’ ಎಂದಷ್ಟೇ ಹೇಳಿದಿರಿ ಎಂದು ಬರೆದಿದ್ದೀರಿ. ಮುಂದಿನ ಬಾರಿ ಪಕ್ಕದ ಕಟ್ಟಡದ ಸಂಗತಿಯನ್ನು ಮೊದಲು ಹೇಳಿ. ತಾಯಿ ನಾಲ್ಕು ದಿನ ಬೇರೆ ಊರಿನಲ್ಲಿದ್ದಾಗ ಉಸಿರು ಹಗುರಾಯಿತು, ಮರಳಿದ ಮರುದಿನವೇ ಕಟ್ಟಿತು ಎಂಬುದನ್ನು ನೀವು ಪತ್ರದ ಮೂಲೆಯಲ್ಲಿ ಬರೆದಿದ್ದೀರಿ. ವೈದ್ಯರಿಗೆ ಅದು ಬಹಳ ಮುಖ್ಯವಾದ ಸುಳಿವು. ಉಸಿರಿನ ಸಾಮರ್ಥ್ಯ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ ಬೇಕೇ ಎಂದು ಕೇಳಿ. ಇನ್ಹೇಲರನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ತುಟಿ ನೀಲಿಯಾದರೆ, ಒಂದು ವಾಕ್ಯ ಪೂರ್ತಿ ಹೇಳಲು ಉಸಿರು ಸಾಲದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ. ಯಾರ ಕಣ್ಣಿಗಾದರೂ ಸಿಮೆಂಟು ಬಿದ್ದರೆ ಉಜ್ಜಬಾರದು. ಹರಿಯುವ ಶುದ್ಧ ನೀರಿನಲ್ಲಿ ಕನಿಷ್ಠ ಹದಿನೈದು ನಿಮಿಷ ತೊಳೆದು, ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಬೇಕು.

ಮನೆಯೊಳಗೆ ಎಲ್ಲ ಕೋಣೆಗಳನ್ನೂ ಕಾಯಲು ಹೋಗಬೇಡಿ, ಒಂದನ್ನು ಕಾಯಿರಿ. ತಾಯಿ ಮಲಗುವ ಕೋಣೆ ಕಟ್ಟಡಕ್ಕೆ ಎದುರಾಗಿದ್ದರೆ ಈ ಕೆಲವು ತಿಂಗಳು ಹಿಂದಿನ ಕೋಣೆಗೆ ಬದಲಾಯಿಸಿ. ಯಂತ್ರ ಓಡುವಾಗ ಆ ಬದಿಯ ಕಿಟಕಿ ಮುಚ್ಚಿ, ಕೆಲಸ ನಿಂತು ಒಂದೆರಡು ತಾಸಾದ ಮೇಲೆ ಎದುರು ಬದಿಯದನ್ನು ತೆರೆಯಿರಿ. ಇಡೀ ದಿನ ಮುಚ್ಚಿಟ್ಟ ಮನೆಯಲ್ಲಿ ಒಲೆಯ ಹೊಗೆ ಉಳಿಯುತ್ತದೆ, ಅದೂ ಶ್ವಾಸಕ್ಕೆ ಒಳ್ಳೆಯದಲ್ಲ. ಗಾಳಿ ಶುದ್ಧಿ ಮಾಡುವ ಯಂತ್ರ ಕೊಳ್ಳುವುದಾದರೆ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಶೋಧಕ ಇರುವುದನ್ನೇ ಆ ಒಂದು ಕೋಣೆಗೆ ಕೊಳ್ಳಿ. ಹೊರಗೆ ಹೋಗುವಾಗ ಬಟ್ಟೆಯ ಮಾಸ್ಕು ಸಾಲದು, ಎನ್95 ಮುಖಕ್ಕೆ ಬಿಗಿಯಾಗಿ ಕೂತರೆ ಮಾತ್ರ ಪ್ರಯೋಜನ. ತಾಯಿಗೆ ಅದನ್ನು ಹಾಕುವ ಮೊದಲು ವೈದ್ಯರನ್ನು ಕೇಳಿ, ಉಬ್ಬಸದವರಿಗೆ ಅದರೊಳಗೆ ಉಸಿರೆಳೆಯುವುದೇ ಕಷ್ಟವಾಗಬಹುದು.

ದೂರಿನ ಬಗ್ಗೆ: ‘ತುಂಬಾ ಧೂಳು’ ಎಂದು ಬರೆದ ಅರ್ಜಿಗೆ ಯಾರಾದರೂ ‘ಪರಿಶೀಲಿಸುತ್ತೇವೆ’ ಎಂದು ಬರೆದು ಮುಗಿಸಬಹುದು. ಇಂಥ ದಿನ ಹನ್ನೊಂದು ಗಂಟೆಯಿಂದ ಒಂದರವರೆಗೆ ನೀರಿಲ್ಲದೆ ಟೈಲ್ಸ್ ಕತ್ತರಿಸಿದರು, ಗಾಳಿ ನಮ್ಮ ಕಡೆಗಿತ್ತು, ಹನ್ನೆರಡೂವರೆಗೆ ತಾಯಿಗೆ ಇನ್ಹೇಲರ್ ಕೊಡಬೇಕಾಯಿತು ಎಂದು ಬರೆದರೆ ಹಾಗೆ ಮುಗಿಸುವುದು ಕಷ್ಟ. ಒಂದು ಟಿಪ್ಪಣಿ ಪುಸ್ತಕ ಇಡಿ. ಪ್ರತಿ ಬಾರಿ ಒಂದೇ ಜಾಗದಿಂದ ಫೋಟೋ ತೆಗೆಯಿರಿ. ಎರಡು ವಾರ ಬರೆದ ಮೇಲೆ ಪ್ರತಿಯನ್ನು ಮೊದಲು ಕಟ್ಟಡದ ಮಾಲೀಕರಿಗೆ, ಉತ್ತರ ಬಾರದಿದ್ದರೆ ಪರವಾನಗಿ ಕೊಟ್ಟ ಸ್ಥಳೀಯ ಆಡಳಿತಕ್ಕೆ ಮತ್ತು ಮಾಲಿನ್ಯ ನಿಯಂತ್ರಣದ ಹೊಣೆ ಹೊತ್ತ ಇಲಾಖೆಗೆ ಕೊಟ್ಟು, ಸ್ವೀಕೃತಿಯ ಸಹಿ ಪಡೆಯಿರಿ. ಗಾಳಿಯ ಅಳತೆ ಮಾಡಿಸಿ ಎಂದೂ ಕೇಳಬಹುದು. 10 ಮೈಕ್ರಾನಿಗಿಂತ ಸಣ್ಣ ಕಣಗಳು ದಿನದ ಸರಾಸರಿಯಲ್ಲಿ ಘನ ಮೀಟರಿಗೆ 45 ಮೈಕ್ರೋಗ್ರಾಂ ಮೀರದಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಮಾರ್ಗಸೂಚಿ. ಹೋಲಿಸಿ ನೋಡಲು ಆ ಅಂಕಿ ಕೈಯಲ್ಲಿರಲಿ.

ನಿಮ್ಮನ್ನು ತಕರಾರಿನವರು ಎನ್ನುವ ನೆರೆಯವರ ಮನೆಗೂ ಆ ಪುಸ್ತಕ ಹಿಡಿದು ಒಮ್ಮೆ ಹೋಗಿ. ಅವರ ಮನೆಯಲ್ಲೂ ಯಾರೋ ಕೆಮ್ಮುತ್ತಿರಬಹುದು, ಹವಾಮಾನ ಬದಲಾದದ್ದಕ್ಕೆ ಎಂದು ಅಂದುಕೊಂಡಿರಬಹುದು. ಎರಡು ಸಹಿ ಸೇರಿದರೂ ಪತ್ರದ ತೂಕ ಬೇರೆ.

ಪೊಟ್ಟಣದಲ್ಲಿ ಉಳಿದ ಪುಡಿಯನ್ನು ಎಸೆದಿಲ್ಲ, ಮುಚ್ಚಳವಿರುವ ಸೀಸೆಯಲ್ಲಿ ಹಾಕಿ ದಿನಾಂಕ ಬರೆದಿಟ್ಟಿದ್ದೇನೆ. ಗರಗಸಕ್ಕೆ ನೀರು ಬಂದ ಮೇಲೆ ಅದೇ ಕಿಟಕಿಯ ಒಂದು ವಾರದ ಧೂಳನ್ನು ಮತ್ತೆ ಕಳುಹಿಸಿ. ಜೊತೆಗೆ ನಿಮ್ಮ ತಾಯಿ ರಾತ್ರಿ ಮಲಗಿ ನಿದ್ರಿಸುತ್ತಿದ್ದಾರೆಯೇ ಎಂಬುದನ್ನೂ ಬರೆಯಿರಿ.

ಸಂಪಾದಕ